ಕೀಲುಬೇನೆಯ ಮಾತು

(ಆಕಾಶವಾಣಿ ಭಾಷಣ)

ಕೀಲುಬೇನೆಯನ್ನು ಕುರಿತು ಮಾತನಾಡುವುದಕ್ಕೆ ವೈದ್ಯರನ್ನು ಬಿಟ್ಟು ಕನ್ನಡದ ಮಾಸ್ತರನೊಬ್ಬನನ್ನು ಕರೆಯುವುದೇ ಎಂದು ಕೇಳುಗರಲ್ಲಿ ಕೆಲವರಿಗೆ ಅನ್ನಿಸಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಆಹ್ವಾನ ಬಂದಾಗ ನನಗೂ ಅದೇ ಅನ್ನಿಸಿತ್ತು. ನಾಡಿ ಹಿಡಿದು ನೋಡುವ ವಿದ್ಯೆ ನನ್ನದಲ್ಲ. ನಾನು ಹಿಡಿದು ನೋಡಿದ್ದೆಲ್ಲ ಶಬ್ದಗಳನ್ನು. ಆದರೆ ಈ ಬೇನೆಯ ವಿಷಯದಲ್ಲಿ ಔಷಧದ ಕೊರತೆಯಿಂದ ಕೆಟ್ಟದ್ದಕ್ಕಿಂತ ಮಾತಿನ ಕೊರತೆಯಿಂದ ಕೆಟ್ಟದ್ದು ಹೆಚ್ಚೆಂಬುದನ್ನು ನನ್ನ ಮನೆಯವರಲ್ಲಿಯೇ ಕಂಡವನಾದ್ದರಿಂದ ಒಪ್ಪಿಕೊಂಡೆ.

ನಾನಿರುವುದು ಬಸವಕಲ್ಯಾಣದಲ್ಲಿ, ನನ್ನ ಅಕ್ಕನನ್ನು ಕೊಟ್ಟದ್ದು ಹುಮನಾಬಾದಿಗೆ. 2011ರ ಚಳಿಗಾಲದಲ್ಲಿ ಅವಳನ್ನು ನೋಡಲು ಹೋದಾಗ ಮುಂಜಾನೆ ಒಲೆಯ ಮುಂದೆ ಸೊಸೆ ಕುಳಿತಿದ್ದಳು. ಬೀದರ ಸೀಮೆಯಲ್ಲಿ ಜೋಳದ ರೊಟ್ಟಿಯ ಕೊಣಮಿಗೆಯನ್ನು ಹಿರಿಯಳು ಸುಲಭವಾಗಿ ಬಿಟ್ಟುಕೊಡುವವಳಲ್ಲ. ಏನಾಯಿತೆಂದು ಕೇಳಿದೆ. “ಮುಂಜಾನಿ ಕೈ ಮುಚ್ಚಲಾಕ ಬರವಲ್ದು ತಮ್ಮಾ. ಹೊತ್ತು ಏರಿದ ಮ್ಯಾಲೆ ಬರ್ತದ. ಅಷ್ಟರಾಗ ರೊಟ್ಟಿ ಆಗಿ ಹೋಗಿರ್ತಾವ” ಎಂದಳು. ಆಗ ಅವಳಿಗೆ 54 ವರ್ಷ. ಊರವರೆಲ್ಲ ಇದನ್ನು ವಾಯು ಎಂದಿದ್ದರು. ನಾನೂ ಹಾಗೆಯೇ ಎಂದೆ. ವಾಯು ಎಂಬ ಒಂದು ಶಬ್ದದೊಳಗೆ ನಾವೆಲ್ಲರೂ ನೆಮ್ಮದಿಯಾಗಿ ಕುಳಿತುಬಿಟ್ಟೆವು, ಅವಳೊಬ್ಬಳ ಹೊರತು.

ಈ ಶಬ್ದದ ಹಿಂದೆ ದೊಡ್ಡ ಕಥೆಯೇ ಉಂಟು. ನಮ್ಮ ಪ್ರಾಚೀನರು ದೇಹದಲ್ಲಿ ಚಲಿಸುವುದೆಲ್ಲವನ್ನೂ ವಾತವೆಂದು ಕರೆದರು. ಕೀಲಿನಿಂದ ಕೀಲಿಗೆ ಹಾಯುವ ನೋವು ಅವರಿಗೆ ಗಾಳಿಯಂತೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಮಾಧವಕರನ ನಿದಾನಗ್ರಂಥದಲ್ಲಿ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಅತ್ತ ಗ್ರೀಕರು ಗಾಳಿಯ ಬದಲು ನೀರನ್ನು ಕಂಡರು. ‘ರ‍್ಯೂಮಾ’ ಎಂದರೆ ಅವರ ಭಾಷೆಯಲ್ಲಿ ಹರಿಯುವುದು. ತಲೆಯಿಂದ ಕೆಟ್ಟ ರಸವೊಂದು ಕೀಲುಗಳಿಗೆ ಹರಿದಿಳಿಯುತ್ತದೆಂದು ಅವರ ಎಣಿಕೆ. ಫ್ರಾನ್ಸಿನ ವೈದ್ಯ ಗಿಯೋಮ್ ದ ಬಾಯೂ ಬರೆದು, ಅವನ ಮರಣಾನಂತರ 1642ರಲ್ಲಿ ಅಚ್ಚಾದ ಗ್ರಂಥದಿಂದ ‘ರುಮಾಟಿಸಂ’ ಎಂಬುದು ಕೀಲುರೋಗದ ಹೆಸರಾಗಿ ನಿಂತಿತು. ಲ್ಯಾಟಿನ್ನಿನ ‘ಗುತ್ತ’, ಅಂದರೆ ಹನಿ, ಅದರಿಂದ ‘ಗೌಟ್’ ಹುಟ್ಟಿತು. ಗಾಳಿ, ಹೊಳೆ, ಹನಿ: ಮೂರೂ ಒಳ್ಳೆಯ ಉಪಮೆಗಳೇ. ಉಪಮೆಯನ್ನು ಕಾರಣವೆಂದು ತಿಳಿದಾಗ ಮಾತ್ರ ರೋಗಿಗೆ ಸಂಕಟ.

ಏಕೆಂದರೆ ಈ ಒಂದು ಹೆಸರಿನ ಹೊದಿಕೆಯ ಕೆಳಗೆ ಮಲಗಿರುವ ರೋಗಗಳು ನೂರಕ್ಕೂ ಹೆಚ್ಚು. ಅವೆಲ್ಲವನ್ನೂ ಹೇಳುವುದು ನನ್ನಿಂದಾಗದು, ಬೇಕಾಗಿಯೂ ಇಲ್ಲ. ಎರಡನ್ನು ಬೇರ್ಪಡಿಸಿದರೆ ಸಾಕು, ಅರ್ಧ ಕೆಲಸವಾಯಿತು. ಒಂದು, ವಯಸ್ಸಿನೊಡನೆ ಬರುವ ಸವಕಳಿ. ಮೊಣಕಾಲಿನ ಎಲುಬುಗಳ ತುದಿಗೆ ಹೊದ್ದ ಮೃದ್ವಸ್ಥಿ ಸವೆಯುತ್ತದೆ. ನಡೆದರೆ, ಮೆಟ್ಟಿಲೇರಿದರೆ ನೋವು, ಕುಳಿತರೆ ಸಮಾಧಾನ. ಮುಂಜಾನೆ ಕಾಲು ಹಿಡಿದಂತಾದರೂ ಅರ್ಧ ತಾಸಿನೊಳಗೆ ಸಡಿಲವಾಗುತ್ತದೆ. ಇನ್ನೊಂದು ರುಮಟಾಯ್ಡ್ ಆರ್ಥ್ರೈಟಿಸ್. ಇದು ಸವಕಳಿಯಲ್ಲ, ಒಳಜಗಳ. ಹೊರಗಿನ ರೋಗಾಣುಗಳನ್ನು ಎದುರಿಸಬೇಕಾದ ದೇಹದ ಕಾವಲುಪಡೆಯೇ ದಾರಿ ತಪ್ಪಿ ಕೀಲುಗಳ ಒಳಪೊರೆಯ ಮೇಲೆ ಬೀಳುತ್ತದೆ. ಮೊದಲು ಬೆರಳುಗಳ ಬುಡ, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಬಾಯುತ್ತವೆ. ಎಡಗೈಗೆ ಬಂದದ್ದು ಬಲಗೈಗೂ ಬರುತ್ತದೆ. ವಿಶ್ರಾಂತಿಯಿಂದ ಹಿಡಿತ ಹೆಚ್ಚುತ್ತದೆ, ಮುಂಜಾನೆಯ ಬಿಗಿತ ತಾಸು ಎರಡು ತಾಸು ಬಿಡುವುದಿಲ್ಲ. ಗಂಡಸರಿಗಿಂತ ಹೆಂಗಸರಿಗೆ ಇದು ಎರಡು ಮೂರು ಪಟ್ಟು ಹೆಚ್ಚು. ಮುದುಕರ ರೋಗವೆಂದು ತಿಳಿದವರಿಗೆ ಹೇಳಬೇಕಾದ ಮಾತೆಂದರೆ, ಮೂವತ್ತು ನಲವತ್ತರ ಹರೆಯದಲ್ಲಿ, ಮಕ್ಕಳು ಇನ್ನೂ ಕಂಕುಳಲ್ಲಿರುವಾಗಲೇ ಇದು ಬಂದೀತು.

ಈ ಎರಡನ್ನು ಬೇರ್ಪಡಿಸುವುದು ಏಕಿಷ್ಟು ಮುಖ್ಯ? ಒಳಜಗಳದ ರೋಗಕ್ಕೆ ಮೊದಲ ಕೆಲವು ತಿಂಗಳುಗಳಲ್ಲಿಯೇ ಸರಿಯಾದ ಔಷಧ ಬಿದ್ದರೆ ಕೀಲು ಉಳಿಯುತ್ತದೆ. ತಡವಾದಷ್ಟೂ ಎಲುಬಿನ ಅಂಚು ಕೊರೆದುಹೋಗಿ, ಬೆರಳುಗಳು ಓರೆಯಾಗಿ ಬಾಗುತ್ತವೆ. ಒಮ್ಮೆ ಬಾಗಿದ್ದನ್ನು ಯಾವ ಗುಳಿಗೆಯೂ ನೆಟ್ಟಗೆ ಮಾಡದು. ನನ್ನ ಅಕ್ಕನ ವಿಷಯದಲ್ಲಿ ಕಳೆದುಹೋದದ್ದು ಎರಡು ವರ್ಷ. ಆ ಎರಡು ವರ್ಷ ಅವಳೇನೂ ಸುಮ್ಮನೆ ಕುಳಿತಿರಲಿಲ್ಲ. ಎಣ್ಣೆ ತಿಕ್ಕಿಸಿದಳು, ಬಿಸಿ ಉಪ್ಪಿನ ಶಾಖ ಕೊಟ್ಟಳು. ವಾಯುಪದಾರ್ಥವೆಂದು ತೊಗರಿಬೇಳೆ ಬಿಟ್ಟಳು, ಬದನೆಕಾಯಿ ಬಿಟ್ಟಳು, ಮೊಸರು ಬಿಟ್ಟಳು. ತೊಗರಿಯ ಸೀಮೆಯಲ್ಲಿದ್ದು ತೊಗರಿ ಬಿಟ್ಟವಳ ಊಟದಲ್ಲಿ ಉಳಿಯುವುದಾದರೂ ಏನು? ಪಥ್ಯಕ್ಕೆ ಅರ್ಥವಿರುವ ಕೀಲುರೋಗ ಉಂಟು. ಗೌಟಿನಲ್ಲಿ ರಕ್ತದ ಯೂರಿಕ್ ಆಮ್ಲ ಹರಳುಗಟ್ಟಿ ಹೆಬ್ಬೆರಳ ಬುಡದಲ್ಲಿ ಕೂರುತ್ತದೆ, ಅಲ್ಲಿ ಮಾಂಸ ಮದ್ಯಗಳ ಮಿತಿ ಬೇಕು. ಆದರೆ ಗೌಟಿನ ಪಥ್ಯವನ್ನು ಎಲ್ಲ ಕೀಲುಬೇನೆಗೂ ಹಂಚಿ, ಮೊದಲೇ ರಕ್ತವಿಲ್ಲದ ಹೆಂಗಸರನ್ನು ಮತ್ತಷ್ಟು ಸೊರಗಿಸುವುದು ಯಾವ ಶಾಸ್ತ್ರವೋ ತಿಳಿಯದು.

ಮಧ್ಯದಲ್ಲಿ ಒಬ್ಬರು ಕೊಟ್ಟ ಸೂಜಿಯಿಂದ ಮೂರೇ ದಿನಗಳಲ್ಲಿ ಅವಳ ಕೈ ಹೂವಿನಂತಾಯಿತು. ಮನೆಯಲ್ಲಿ ಹಬ್ಬ. ತಿಂಗಳೊಂದು ಕಳೆಯುವಷ್ಟರಲ್ಲಿ ನೋವು ಮರಳಿತು, ಮತ್ತೊಂದು ಸೂಜಿ, ಮತ್ತೊಂದು ಹಬ್ಬ. ಅದು ಸ್ಟೀರಾಯ್ಡ್ ಎಂದು ತಿಳಿದದ್ದು ಬಹಳ ತಡವಾಗಿ, ಮುಖ ದುಂಡಗಾಗಿ ಊದಿದ ಮೇಲೆ. ಈ ಮೋಹಕ್ಕೆ ಒಳಗಾದವರು ನಾವಷ್ಟೇ ಅಲ್ಲ, ಜಗತ್ತೇ ಒಳಗಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಅವರ ಸಂಗಡಿಗರು ಹಾಸಿಗೆ ಹಿಡಿದ ಹೆಣ್ಣುಮಗಳೊಬ್ಬಳಿಗೆ, ಮುಂದೆ ಕಾರ್ಟಿಸೋನ್ ಎಂದು ಹೆಸರಾದ ಔಷಧವನ್ನು ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ನೊಬೆಲ್ ಪಾರಿತೋಷಕವೂ ಬಂತು. ಎಲುಬು ಟೊಳ್ಳಾಗುವುದು, ಸಕ್ಕರೆ ಏರುವುದು, ಸೋಂಕು ತಗಲುವುದು ಕಂಡದ್ದು ಆಮೇಲೆ. ತಜ್ಞರು ಇಂದಿಗೂ ಅದನ್ನು ಬಳಸುತ್ತಾರೆ, ಅಳತೆಯರಿತು, ಅವಧಿಯರಿತು. ಹೆಸರು ಹೇಳದೆ ಕೊಡುವ ಪುಡಿ, ಸೂಜಿಗಳ ದೋಷ ಇರುವುದು ಔಷಧದಲ್ಲಲ್ಲ, ಹೆಸರು ಹೇಳದಿರುವುದರಲ್ಲಿ.

ಕಡೆಗೆ ಅಕ್ಕನನ್ನು ಹೈದರಾಬಾದಿಗೆ ಕರೆದೊಯ್ದೆವು. ಅಲ್ಲಿನ ತಜ್ಞವೈದ್ಯೆ ಆಕೆಯ ಎರಡೂ ಕೈಗಳನ್ನು ಹಿಡಿದು, ಬೆರಳ ಬುಡದ ಗೆಣ್ಣುಗಳನ್ನು ಅಡ್ಡಲಾಗಿ ಮೆಲ್ಲಗೆ ಅದುಮಿದರು. ಅಕ್ಕ ಚೀರಿದಳು. ಆಮೇಲೆ ಕೈ ಮುಗಿಯಲು ಹೇಳಿದರು. ಅಂಗೈಗಳು ಕೂಡಲಿಲ್ಲ, ಮಣಿಕಟ್ಟು ಬಗ್ಗದ್ದರಿಂದ ನಡುವೆ ಟೊಳ್ಳು ಉಳಿಯಿತು. ವೀರಭದ್ರೇಶ್ವರನ ಜಾತ್ರೆಯಲ್ಲಿ ತೇರಿಗೆ ಅವಳು ಹಾಗೆಯೇ ಕೈ ಮುಗಿದದ್ದನ್ನು ನಾನು ಎರಡು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದೆ, ಕಂಡಿರಲಿಲ್ಲ. ರಕ್ತಪರೀಕ್ಷೆ ಆಮೇಲೆ ಬಂತು. ಆ ವೈದ್ಯೆ ಹೇಳಿದ ಒಂದು ಮಾತನ್ನು ನಮ್ಮ ಪ್ರಯೋಗಶಾಲೆಗಳ ಚೀಟಿಯನ್ನೇ ವೇದವೆಂದು ನಂಬುವವರು ನೆನಪಿಡಬೇಕು: ರುಮಟಾಯ್ಡ್ ಫ್ಯಾಕ್ಟರ್ ಇದ್ದ ಮಾತ್ರಕ್ಕೆ ರೋಗವಿದೆಯೆಂದಲ್ಲ, ಇಲ್ಲದ ಮಾತ್ರಕ್ಕೆ ರೋಗವಿಲ್ಲವೆಂದೂ ಅಲ್ಲ. ಕೈ ಹೇಳುವುದನ್ನು ಮೊದಲು ಕೇಳಬೇಕು.

ಇನ್ನು ನನ್ನ ತಪ್ಪಿನ ಕಥೆ. ವೈದ್ಯೆ ಬರೆದುಕೊಟ್ಟ ಮುಖ್ಯ ಔಷಧ ಮೆಥೊಟ್ರೆಕ್ಸೇಟ್. ಈ ರೋಗಕ್ಕೆ ಜಗತ್ತಿನಾದ್ಯಂತ ಮೊದಲು ನೆನೆಯುವ ಔಷಧ ಇದೇ. ಬೆಲೆಯೂ ನಮ್ಮಂಥವರ ಕೈಗೆ ಎಟುಕುವಂಥದು. ಆದರೆ ಇದರ ನಡವಳಿಕೆ ಬೇರೆ ಗುಳಿಗೆಗಳಂತಲ್ಲ. ವಾರದಲ್ಲಿ ಒಂದೇ ದಿನ ನುಂಗತಕ್ಕದ್ದು. ಜೊತೆಗೆ, ಅದರ ಉಪಟಳ ತಗ್ಗಿಸಲು, ಬೇರೆ ದಿನ ಫೋಲಿಕ್ ಆಮ್ಲದ ಗುಳಿಗೆ. ದಿನವೂ ನುಂಗಿದರೆ ಎಲುಬಿನೊಳಗಿನ ಮಜ್ಜೆ ರಕ್ತಕಣಗಳನ್ನು ಮಾಡುವುದನ್ನೇ ನಿಲ್ಲಿಸಬಹುದು. ಚೀಟಿಯಲ್ಲಿದ್ದುದು ಎರಡು ಇಂಗ್ಲಿಷ್ ಅಕ್ಷರ, ‘ಓ ಡಬ್ಲ್ಯು’. ವಾರಕ್ಕೊಮ್ಮೆ ಎಂಬುದರ ಸಂಕ್ಷೇಪ. ಬರೆದ ಅವಸರದಲ್ಲಿ ಎರಡನೆಯ ಅಕ್ಷರ ಗೋಳಾಗಿತ್ತು. ಇಪ್ಪತ್ತೈದು ವರ್ಷ ಹಸ್ತಪ್ರತಿಗಳ ಪಾಠಾಂತರ ಕಲಿಸಿದ ನಾನು ಅದನ್ನು ‘ಓ ಡಿ’ ಎಂದು ಓದಿ, “ದಿನಾ ಒಂದು, ಊಟ ಆದ ಮ್ಯಾಲೆ” ಎಂದು ಅಕ್ಕನಿಗೆ ವಿವರಿಸಿದೆ. ಅವಳು ತಮ್ಮನ ಓದನ್ನು ನಂಬಿದಳು. ಹತ್ತನೆಯ ದಿನಕ್ಕೆ ಬಾಯೊಳಗೆಲ್ಲ ಹುಣ್ಣು. ಹನ್ನೊಂದನೆಯ ದಿನ ಜ್ವರ. ಆಸ್ಪತ್ರೆಗೆ ಹೋದಾಗ ಮೊದಲು ನೋಡಿದವರಿಗೂ ಬಾಯಿಹುಣ್ಣಿಗೂ ಕೀಲಿನ ಗುಳಿಗೆಗೂ ನಂಟು ಹೊಳೆಯಲಿಲ್ಲ. ಹೊಳೆದದ್ದು ಅಲ್ಲಿದ್ದ ಹಿರಿಯ ಸಿಸ್ಟರೊಬ್ಬರಿಗೆ. ಅಕ್ಕನ ಚೀಲದಿಂದ ಗುಳಿಗೆಯ ಪಟ್ಟಿ ತೆಗೆದು, ಖಾಲಿಯಾದ ಮನೆಗಳನ್ನು ಎಣಿಸಿ, “ಇದನ್ನ ಯಾರು ದಿನಾ ತಗೋಳ್ಳಾಕ ಹೇಳಿದ್ರು ಅಮ್ಮಾ?” ಎಂದು ಕೇಳಿದರು. ಅಕ್ಕ ನನ್ನ ಕಡೆ ನೋಡಲಿಲ್ಲ. ಅದು ಅವಳ ದೊಡ್ಡತನ.

ಎಂಟು ದಿನ ಆಸ್ಪತ್ರೆಯಲ್ಲಿದ್ದು ಉಳಿದಳು. ಇಂಥ ತಪ್ಪು ಹುಮನಾಬಾದಿನದು ಮಾತ್ರವೂ ಅಲ್ಲ. 2019ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ, ವಾರದ ಗುಳಿಗೆಯನ್ನು ದಿನವೂ ನುಂಗಿ ಜನ ಸಾಯುತ್ತಿರುವುದನ್ನು ಕಂಡು, ಹೊದಿಕೆಯ ಮೇಲೆ ಎಚ್ಚರಿಕೆ ಅಚ್ಚುಹಾಕಬೇಕು, ರೋಗಿಗೆ ನೆನಪಿನ ಕಾರ್ಡು ಕೊಡಬೇಕು ಎಂದು ಕಟ್ಟಳೆ ಮಾಡಬೇಕಾಯಿತು. ಅಲ್ಲಿನ ಜನಕ್ಕೆ ಅಕ್ಷರ ಬಾರದೆಂದಲ್ಲ. ತಲತಲಾಂತರದಿಂದ ಗುಳಿಗೆಯೆಂದರೆ ದಿನವೂ ನುಂಗುವ ವಸ್ತು. ಆ ರೂಢಿಯನ್ನು ಎರಡು ಅಕ್ಷರ ಮುರಿಯಲಾರವು.

ಆ ಸಿಸ್ಟರ್ ನನಗೆ ಹೇಳಿದ ಇನ್ನೊಂದು ಸಂಗತಿ ಕನ್ನಡ ಮಾಸ್ತರನಾದ ನನಗೇ ಹೊಳೆದಿರಲಿಲ್ಲ. “ವಾರದ ಗುಳಿಗಿ” ಎಂದು ಕನ್ನಡದಲ್ಲಿ ಹೇಳಿದರೂ ತಪ್ಪಾಗುತ್ತದಂತೆ. ನಮ್ಮಲ್ಲಿ ವಾರವೆಂದರೆ ಏಳು ದಿನವೂ ಹೌದು, ಒಂದು ದಿನವೂ ಹೌದು, “ಇವತ್ತ ಯಾವ ವಾರ?” ಎಂದು ಕೇಳುವುದಿಲ್ಲವೆ? ಉಪವಾಸದ ದಿನವೂ ವಾರವೇ. ಒಬ್ಬಾಕೆ ವಾರವಿಡೀ ನುಂಗುವ ಗುಳಿಗೆಯೆಂದು ತಿಳಿದಳು, ಇನ್ನೊಬ್ಬಾಕೆ ವಾರ ಹಿಡಿದ ದಿನ, ಬರಿಹೊಟ್ಟೆಯಲ್ಲಿ ನುಂಗಿದಳು. ಅಂದಿನಿಂದ ಆ ಸಿಸ್ಟರ್ ವಾರವೆಂಬ ಮಾತನ್ನೇ ಎತ್ತುವುದಿಲ್ಲ. “ಯಾವ ದಿನ ನಿಮಗ ನೆಪ್ಪಿರ್ತದ?” ಎಂದು ರೋಗಿಯನ್ನೇ ಕೇಳುತ್ತಾರೆ. ಒಬ್ಬಳು ಸೋಮವಾರವೆನ್ನುತ್ತಾಳೆ, ಒಬ್ಬಳು ಸಂತೆಯ ದಿನವೆನ್ನುತ್ತಾಳೆ. ಆಮೇಲೆ, “ಈಗ ನೀವು ನನಗ ಹೇಳ್ರಿ, ಹೆಂಗ ತಗೋತೀರಿ?” ಎಂದು ಪಾಠ ಒಪ್ಪಿಸಿಕೊಳ್ಳುತ್ತಾರೆ. ಹರೆಯದ ಹೆಣ್ಣುಮಗಳಾದರೆ ಪಕ್ಕಕ್ಕೆ ಕರೆದು, ಈ ಗುಳಿಗೆ ನಡೆದಿರುವಾಗ ಬಸಿರು ನಿಲ್ಲಬಾರದು, ಮಗು ಬೇಕೆನಿಸಿದರೆ ಮೊದಲೇ ವೈದ್ಯರನ್ನು ಕೇಳಿ ಗುಳಿಗೆ ಬಿಡಿಸಿಕೊಳ್ಳಬೇಕು ಎಂದು ಸ್ಪಷ್ಟವಾಗಿ ಹೇಳುತ್ತಾರೆ. ಸಂಕೋಚಪಟ್ಟು ಈ ಮಾತನ್ನು ನುಂಗಿದವರಿಂದ ಹುಟ್ಟಲಿರುವ ಕೂಸಿಗೆ ಅಪಾಯ.

ಇಷ್ಟು ಹೇಳುವಾಗ ನನ್ನ ಊರಿನ ಹಳೆಯ ಕಥೆಯೊಂದು ನೆನಪಾಗದಿರದು. ಕಲ್ಯಾಣದ ಚಾಲುಕ್ಯ ರಾಜಪುತ್ರ ಕೀರ್ತಿವರ್ಮ ಸುಮಾರು 1125ರಲ್ಲಿ ‘ಗೋವೈದ್ಯ’ವೆಂಬ ಗ್ರಂಥ ಬರೆದ. ದನಕರುಗಳ ರೋಗಕ್ಕೆ ಮದ್ದು ಹೇಳುವ ಆ ಗ್ರಂಥ ಕನ್ನಡದಲ್ಲಿದೆ. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಕನ್ನಡಿಸಿದ. ಆ ಹೆಸರಿನ ಕಲ್ಯಾಣ ನಮ್ಮ ಊರಲ್ಲ, ಆರೋಗ್ಯವೆಂಬ ಅರ್ಥದ್ದು. ನಮ್ಮೂರವರು ಹಕ್ಕು ಸಾಧಿಸಬಾರದು. ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನೂ ಇದ್ದ. ಒಂಬೈನೂರು ವರ್ಷದ ಹಿಂದೆ ಆಕಳಿನ ಬೇನೆಗೆ ಕನ್ನಡದಲ್ಲಿ ಮಾತು ಸಿಕ್ಕ ಊರಿನಲ್ಲಿ ನನ್ನ ಅಕ್ಕನ ಬೇನೆಗೆ ಎರಡು ಇಂಗ್ಲಿಷ್ ಅಕ್ಷರಗಳಷ್ಟೇ ಗತಿಯಾದವು.

ಆದರೆ ಪುಸ್ತಕ ಕನ್ನಡದಲ್ಲಿದ್ದರೆ ಎಲ್ಲವೂ ಸರಿಹೋಗುತ್ತದೆಂದು ನಾನು ನಂಬಿದವನಲ್ಲ. ನಮ್ಮ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ವೈದ್ಯಶಾಸ್ತ್ರವನ್ನೂ ಕಲಿಸಿತು. ಅದಕ್ಕಾಗಿ ಒಂದು ಭಾಷಾಂತರ ಶಾಖೆಯೇ ದುಡಿಯಿತು. ದೇಶಭಾಷೆಯಲ್ಲಿ ವೈದ್ಯ ಕಲಿಸಲಾಗದೆನ್ನುವವರಿಗೆ ಅದೊಂದು ಉತ್ತರ. ಆದರೂ ಆ ಪಾರಿಭಾಷಿಕ ಉರ್ದು ಹುಮನಾಬಾದಿನ ಓಣಿಯ ಉರ್ದುವಾಗಿರಲಿಲ್ಲ, ಕನ್ನಡದ ಹೆಣ್ಣುಮಗಳಿಗಂತೂ ಅಲ್ಲವೇ ಅಲ್ಲ. ದವಾಖಾನೆಯೆಂಬ ಹೆಸರನ್ನಷ್ಟೇ ಅವಳು ಅಲ್ಲಿಂದ ಪಡೆದಳು. ಅದೇ ಹುಮನಾಬಾದಿನ ಮಾಣಿಕಪ್ರಭುಗಳು, 1817ರಿಂದ 1865ರವರೆಗೆ ಬಾಳಿದವರು, ಮರಾಠಿಯಲ್ಲಿ, ಕನ್ನಡದಲ್ಲಿ, ಹಿಂದಿಯಲ್ಲಿ ಪದ ಹಾಡಿದರು. ಮುಂದೆ ಕುಳಿತವರು ಯಾರೆಂದು ನೋಡಿ ಹಾಡಿದರು. ದವಾಖಾನೆಗೆ ಬೇಕಾದ ಭಾಷಾನೀತಿ ಅದೇ ಇರಬೇಕು.

ಮಾತು ಹೀಗೆ ಕೈತಪ್ಪಿದರೆ ಏನಾಗುತ್ತದೆಂಬುದನ್ನು 2006ರಲ್ಲಿ ಕಂಡಿದ್ದೇವೆ. ಆ ವರ್ಷ ಕರ್ನಾಟಕದಲ್ಲಿ 7 ಲಕ್ಷಕ್ಕೂ ಮಿಕ್ಕಿದ ಜನರಿಗೆ ಚಿಕೂನ್‌ಗುನ್ಯಾ ಬಂತೆಂದು ಲೆಕ್ಕವಾಯಿತು. ನಮ್ಮ ಕಡೆಯ ಓಣಿ ಓಣಿಗಳಲ್ಲಿ ಜನ ಬಾಗಿ ನಡೆದರು. ಆಫ್ರಿಕದ ಮಾಕೊಂಡೆ ಭಾಷೆಯಲ್ಲಿ ಆ ಹೆಸರಿನ ಅರ್ಥವೇ ಬಾಗಿಸುವುದು ಎಂದು. ನಮ್ಮ ಓಣಿಯವರು ಅದರಲ್ಲಿ ಚಿಕನ್ ಕೇಳಿಸಿಕೊಂಡು ಕೋಳಿ ತಿನ್ನುವುದನ್ನು ಬಿಟ್ಟರು, ಸೊಳ್ಳೆಗಳು ತಮ್ಮ ಪಾಡಿಗೆ ತಾವು ಹೊಟ್ಟೆ ತುಂಬಿಸಿಕೊಂಡವು.

ಹಾಗಾದರೆ ಕಲಿಸುವ ದಾರಿ ಯಾವುದು? ಹುಮನಾಬಾದಿನ ಹೊರಗೆ ಹಾಯುವ ಹೆದ್ದಾರಿ ಸೊಲ್ಲಾಪುರವನ್ನು ದಾಟಿ ಪುಣೆಗೆ ಹೋಗುತ್ತದೆ. ಆ ದಾರಿಯಲ್ಲೇ ಭಿಗವಣವೆಂಬ ಊರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕೀಲುರೋಗ ಸಂಘ ಕೂಡಿ 1981ರಲ್ಲಿ ಆರಂಭಿಸಿದ ಯೋಜನೆಯೊಂದರಲ್ಲಿ ಪುಣೆಯ ವೈದ್ಯ ಅರವಿಂದ ಚೋಪ್ರಾ 1996ರಲ್ಲಿ ಆ ಊರನ್ನು ಆರಿಸಿಕೊಂಡರು. ಊರಿನವರನ್ನೇ ಸ್ವಯಂಸೇವಕರನ್ನಾಗಿ ತರಬೇತುಗೊಳಿಸಿ ಮನೆಮನೆಗೆ ಕಳಿಸಿದರು. 4000ಕ್ಕೂ ಹೆಚ್ಚು ವಯಸ್ಕರಲ್ಲಿ ನೂರಕ್ಕೆ 18 ಜನ ಕೀಲು ಸ್ನಾಯುಗಳ ನೋವುಳ್ಳವರು. ಇನ್ನೂರರಲ್ಲಿ ಒಬ್ಬರಿಗೆ ರುಮಟಾಯ್ಡ್. ದೊಡ್ಡ ಆಸ್ಪತ್ರೆಯಲ್ಲಿ ಕುಳಿತಿದ್ದರೆ ಇವರಲ್ಲಿ ಬಹುಮಂದಿ ಎಂದಿಗೂ ಕಣ್ಣಿಗೆ ಬೀಳುತ್ತಿರಲಿಲ್ಲ. ಕೇಳುವವರು ಓಣಿಯವರಾದಾಗ ನೋವಿಗೆ ಬಾಯಿ ಬರುತ್ತದೆ.

ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡಿನಲ್ಲಿ ಕೇಟ್ ಲೋರಿಗ್ ಎಂಬ ನರ್ಸು 1970ರ ದಶಕದ ಕೊನೆಗೆ ಇನ್ನೊಂದು ಪ್ರಯೋಗ ಮಾಡಿದರು. ಕೀಲುರೋಗಿಗಳಿಗೆ ಪಾಠ ಹೇಳಲು ವೈದ್ಯರನ್ನು ನಿಲ್ಲಿಸದೆ, ಸಾಮಾನ್ಯರನ್ನೇ, ಎಷ್ಟೋ ಕಡೆ ರೋಗಿಗಳನ್ನೇ ತಯಾರು ಮಾಡಿದರು. ಅವರ ತಂಡ 1993ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಪಾಠ ಕೇಳಿ 4 ವರ್ಷ ಕಳೆದವರಲ್ಲಿ ನೋವು ನೂರಕ್ಕೆ 20ರಷ್ಟು, ವೈದ್ಯರಲ್ಲಿಗೆ ಓಡುವುದು ನೂರಕ್ಕೆ 40ರಷ್ಟು ತಗ್ಗಿತ್ತು. ವಿಚಿತ್ರವೆಂದರೆ ಕೀಲಿನ ಅಶಕ್ತತೆ ಮಾತ್ರ ಸ್ವಲ್ಪ ಹೆಚ್ಚೇ ಆಗಿತ್ತು. ರೋಗ ತನ್ನ ದಾರಿ ಬಿಟ್ಟಿರಲಿಲ್ಲ. ತನ್ನ ಕೈಯಲ್ಲಿ ಏನೋ ಇದೆಯೆಂಬ ನಂಬಿಕೆಯೇ ನೋವನ್ನು ತಗ್ಗಿಸಿತ್ತೆಂದು ಅವರು ತಿಳಿದರು. 1990ರ ದಶಕದಲ್ಲಿ ಅದೇ ದೇಶದಲ್ಲಿ ರೋಗಿಗಳೇ ವೈದ್ಯವಿದ್ಯಾರ್ಥಿಗಳ ಮುಂದೆ ಕೈಚಾಚಿ, ಊದಿದ ಕೀಲನ್ನು ಹೇಗೆ ಮುಟ್ಟಬೇಕು, ಎಲ್ಲಿ ಅದುಮಬೇಕು ಎಂದು ಕಲಿಸತೊಡಗಿದರು. ಗುರುಶಿಷ್ಯರ ಪೀಠ ಅದಲುಬದಲಾದದ್ದನ್ನು ಓದಿ ನನಗೆ ಬಹಳ ಸಂತೋಷವಾಯಿತು.

ನಮ್ಮಲ್ಲಿ ಬೀದರದಲ್ಲಿ 2007ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ. ಹಳ್ಳಿ ಹಳ್ಳಿಗೂ ಆಶಾ ಕಾರ್ಯಕರ್ತೆಯರಿದ್ದಾರೆ. ಸಕ್ಕರೆ, ರಕ್ತದೊತ್ತಡ ಕೇಳಲು ಮನೆಗೆ ಬರುವ ಆಕೆ ಜೊತೆಗೆ ಒಂದು ಪ್ರಶ್ನೆ ಕೇಳಲಿ: “ಮುಂಜಾನಿ ಎದ್ದ ಮ್ಯಾಲೆ ರೊಟ್ಟಿ ಬಡೀಲಾಕ ಕೈ ಯಾವಾಗ ಬರ್ತದ?” ಮುಂಜಾನೆಯ ಬಿಗಿತ ಎಷ್ಟು ನಿಮಿಷವೆಂದು ಪುಸ್ತಕದ ಭಾಷೆಯಲ್ಲಿ ಕೇಳಿದರೆ ನನ್ನ ಅಕ್ಕ ಏನು ಹೇಳಿಯಾಳು? ಅವಳ ಮನೆಯಲ್ಲಿ ಗಡಿಯಾರ ಗೋಡೆಯ ಮೇಲಿಲ್ಲ, ಒಲೆಯ ಮುಂದಿದೆ. ತಾಸು ಮೀರಿದರೂ ಕೈ ಬಾರದು, ಆರು ವಾರ ಕಳೆದರೂ ಬಾವು ಇಳಿಯದು ಎಂದಾದರೆ ಎಣ್ಣೆಯ ಮಾತು ಬಿಟ್ಟು ತಜ್ಞರಿಗೆ ತೋರಿಸತಕ್ಕದ್ದು. ಮಕ್ಕಳ ವಿಷಯದಲ್ಲಿ ಇನ್ನೂ ಅವಸರ ಬೇಕು. ಗಂಟಲುನೋವು ಬಂದು ಎರಡು ಮೂರು ವಾರದ ಮೇಲೆ ಜ್ವರ, ಕೀಲಿನಿಂದ ಕೀಲಿಗೆ ಹಾರುವ ನೋವು ಕಂಡರೆ ಅದು ರುಮಾಟಿಕ್ ಜ್ವರವಿದ್ದೀತು. ಕೀಲು ತಾನಾಗಿ ವಾಸಿಯಾಗುತ್ತದೆ, ಹೃದಯದ ಕವಾಟ ಕೆಡುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಸೂಜಿಯನ್ನು ವರ್ಷಗಟ್ಟಲೆ ತಪ್ಪಿಸಬಾರದು. ನೋವೇ ಇಲ್ಲದ ಮಗುವಿಗೆ ಸೂಜಿ ಏಕೆಂದು ತಾಯಿಗೆ ತಿಳಿಸದಿದ್ದರೆ ಅವಳು ನಿಲ್ಲಿಸಿಯೇ ನಿಲ್ಲಿಸುತ್ತಾಳೆ.

ಅಕ್ಕನಿಗೀಗ ರೊಟ್ಟಿ ಬಡಿಯಲು ಬರುತ್ತದೆ, ಮೊದಲಿನಷ್ಟು ತೆಳ್ಳಗಲ್ಲ. ಬಲಗೈಯ ಎರಡು ಬೆರಳು ಬಾಗಿದ್ದು ಬಾಗಿಯೇ ಇವೆ. ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರಕ್ಕೆ ಕುಂಕುಮದ ಬೊಟ್ಟು. ಕಳೆದ ಬೇಸಗೆಯಲ್ಲಿ ಹೋದಾಗ ಹಿತ್ತಲ ಮನೆಯ ಮುಸಲ್ಮಾನರ ಸೊಸೆ, ಮೂವತ್ತರೊಳಗಿನ ಹುಡುಗಿ, ಜಗಲಿಯಲ್ಲಿ ಕುಳಿತಿದ್ದಳು. ಅಕ್ಕ ಅವಳ ಗೆಣ್ಣುಗಳನ್ನು ಅಡ್ಡಲಾಗಿ ಅದುಮಿ ನೋಡಿ, ಅರ್ಧ ಕನ್ನಡ ಅರ್ಧ ದಖನಿಯಲ್ಲಿ ರೊಟ್ಟಿಯ ಪ್ರಶ್ನೆ ಕೇಳಿದಳು. ಹುಡುಗಿಯನ್ನು ಆಸ್ಪತ್ರೆಗೆ ಕಳಿಸಿದ್ದೂ ಅವಳೇ. ಮೊನ್ನೆ ಫೋನಿನಲ್ಲಿ ಹೇಳಿದಳು: ಆ ಹುಡುಗಿಗೂ ಅದೇ ಗುಳಿಗೆ ಕೊಟ್ಟಿದ್ದಾರಂತೆ. ಅಕ್ಕನದು ಸೋಮವಾರ, ಅವಳದು ಜುಮೇರಾತ್.